ಸವಳು ಹೊಲದ ಮೊಸಳೆ

ಭೋಜದ ಅಣ್ಣಾಸಾಬ ಮಗದುಮ್ಮರು ಸಕ್ಕರೆ ಕಾರ್ಖಾನೆಯೊಂದರ ತೂಕದ ಕಾಟಾದಲ್ಲಿ ಮೂವತ್ತೊಂದು ವರ್ಷ ಕ್ಲಾರ್ಕರಾಗಿದ್ದು, ಒಮ್ಮೆಯೂ ಮೈಕು ಮುಟ್ಟದೆ ನಿವೃತ್ತರಾದವರು. ಮುಟ್ಟಿದ್ದರೆ ಮುಂದಿನ ಅನರ್ಥ ಯಾವುದೂ ಆಗುತ್ತಿರಲಿಲ್ಲ. ಮೈಕಿನ ರೂಢಿ ಇದ್ದವರು ಆಡಿದ್ದನ್ನು ಮಾಡಿ ತೋರಿಸುವ ಚಟಕ್ಕೆ ಬೀಳುವುದಿಲ್ಲ.

ಮೈಕು ಅವರ ಕೈಗೆ ಬಂದದ್ದು ನಿಪ್ಪಾಣಿಯಲ್ಲಿ, ಹೆಂಡತಿಯ ತಮ್ಮ ಜಿನೇಂದ್ರನ ಸತ್ಕಾರದ ದಿನ. ಬಟ್ಟೆ ವ್ಯಾಪಾರಿಯಾದ ಜಿನೇಂದ್ರ ತನ್ನ ಅಂಗಡಿಯ ಮುಂದೆ ಗುಬ್ಬಿಗಳಿಗೆಂದು ಒಂದು ಹರಿವಾಣದಲ್ಲಿ ನೀರು, ಇನ್ನೊಂದರಲ್ಲಿ ಸಜ್ಜೆ ಇಟ್ಟಿದ್ದ. ಅದರ ಫೋಟೊ ಪತ್ರಿಕೆಯಲ್ಲಿ ಬಂತು. ಫೋಟೊದಲ್ಲಿ ಗುಬ್ಬಿ ಇರಲಿಲ್ಲ, ಜಿನೇಂದ್ರ ಇದ್ದ. ಜೈನ ಸಮಾಜದವರು ಕೂಡಿ ಅವನಿಗೆ ಕೊಲ್ಹಾಪುರಿ ಪೇಟಾ ಸುತ್ತಿ, ಶಾಲು ಹೊದಿಸಿ, ಪ್ರಾಣಿದಯೆಯ ಮೇಲೆ ಒಂದೂವರೆ ತಾಸು ಮಾತಾಡಿದರು. ಕೊನೆಗೆ ವಂದನಾರ್ಪಣೆ ಮಾಡಬೇಕಾದವರು ಊಟದ ಪಂಕ್ತಿಯಲ್ಲಿ ಕೂತುಬಿಟ್ಟಿದ್ದರಿಂದ, ಎರಡನೆಯ ಸಾಲಿನಲ್ಲಿ ಸುಮ್ಮನೆ ಕೂತಿದ್ದ ಅಣ್ಣಾಸಾಬರ ಕೈಗೆ ಯಾರೋ ಮೈಕು ಕೊಟ್ಟರು.

ಎಲ್ಲರಿಗೂ ವಂದಿಸಿ ಕೂತಿದ್ದರೆ ಮುಗಿಯುತ್ತಿತ್ತು. ಆದರೆ ಅವರ ಕಣ್ಣು ಜಿನೇಂದ್ರನ ಪೇಟಾದ ಮೇಲೆ ಬಿತ್ತು.

"ಜಿನೇಂದ್ರ ಗುಬ್ಬಿಗೋಳಿಗೆ ಒಂದು ಹರಿವಾಣ ನೀರು ಇಟ್ಟಾನ. ಭಾಳ ಚಲೋ ಆತು," ಎಂದರು. ತಮ್ಮದೇ ದನಿ ದೊಡ್ಡದಾಗಿ ಕೇಳಿ ಅವರಿಗೆ ಹುಮ್ಮಸ್ಸು ಬಂತು. "ನಾನೂ ನಮ್ಮ ಹೊಲದಾಗ ಒಂದು ಮಣ್ಣಿನ ಒಡ್ಡು ಕಟ್ಟಸ್ತೀನಿ. ಹಳ್ಳದ ನೀರು ನಿಲ್ಲಸ್ತೀನಿ. ಮೀನ, ಕಪ್ಪಿ, ಆಮಿ, ಹಕ್ಕಿ, ಎಲ್ಲಾ ಜೀವಕ್ಕ ಆ ನೀರು ಬಿಟ್ಟುಬಿಡ್ತೀನಿ. ಯಾರೂ ಹಿಡಿಯಾಂಗಿಲ್ಲ, ಯಾರೂ ತಿನ್ನಾಂಗಿಲ್ಲ!"

ಚಪ್ಪಾಳೆ ಬಿತ್ತು. ಜಿನೇಂದ್ರನಿಗೆ ಬಿದ್ದದ್ದಕ್ಕಿಂತ ಜೋರಾಗಿಯೇ ಬಿತ್ತು.

ಕುರ್ಚಿಗೆ ಬಂದು ಕೂತಾಗ ಹೆಂಡತಿ ಜಿನಮತಿ ಮೆಲ್ಲಗೆ ಕೇಳಿದರು. "ಇದನ್ನ ಯಾವಾಗ ಠರಾವ್ ಮಾಡಿದ್ರಿ?"

"ಈಗ," ಎಂದರು ಅಣ್ಣಾಸಾಬರು.

ಅವರ ಹೊಲವೆಂದರೆ ಊರಾಚೆ, ದೂಧಗಂಗೆಯ ಕಡೆಗೆ ಹೋಗುವ ಹಳ್ಳದ ಮಗ್ಗುಲಿಗೆ ಎರಡೆಕರೆ. ಕಬ್ಬಿಗೆ ನೀರು ಕುಡಿಸಿ ಕುಡಿಸಿ ಆ ಭೂಮಿ ಉಪ್ಪೇರಿ ಸವಳಾಗಿ ಹದಿನೈದು ವರ್ಷವಾಗಿತ್ತು. ಬೇಸಿಗೆಯಲ್ಲಿ ಸುಣ್ಣ ಬಳಿದಂತೆ ಬೆಳ್ಳಗೆ ಕಾಣುತ್ತಿತ್ತು. ಜಾಲಿಗಿಡ ಬಿಟ್ಟರೆ ಬೇರೇನೂ ಹುಟ್ಟುತ್ತಿರಲಿಲ್ಲ. ಅಲ್ಲಿ ಒಡ್ಡು ಕಟ್ಟಿದರೆ ಯಾರಿಗೂ ನಷ್ಟವಿಲ್ಲ ಎಂದು ಅಣ್ಣಾಸಾಬರು ಲೆಕ್ಕ ಹಾಕಿದರು. ಆ ಲೆಕ್ಕವೂ ತಪ್ಪಿತು.

ಮೇ ತಿಂಗಳಲ್ಲಿ ಜೆಸಿಬಿ ತರಿಸಿ, ಹಳ್ಳಕ್ಕೆ ಅಡ್ಡಲಾಗಿ ಮೂರು ದಿನ ಮಣ್ಣು ಸುರಿಸಿದರು. ನಾಲ್ಕನೆಯ ದಿನ ಅವರ ಮನೆಗೆಲಸದ ತುಳಸವ್ವ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಅವಳು ಎಪ್ಪತ್ತೆರಡರ ಬರಗಾಲದಲ್ಲಿ, ಹುಡುಗಿಯಾಗಿದ್ದಾಗಲೇ, ಸರಕಾರಿ ಕಾಮಗಾರಿಯಲ್ಲಿ ಮಣ್ಣು ಹೊತ್ತವಳು.

"ಸಾವ್ಕಾರ್ರ, ಇದು ಒಡ್ಡೋ, ಯಾರದರ ಸಮಾಧಿಯೋ?"

"ಯಾಕ?"

"ಪಾಯಾ ಇಲ್ಲ, ನಡುವ ಎರಿಮಣ್ಣಿಲ್ಲ. ಬರೇ ಗುಡ್ಡಿ ಹಾಕೀರಿ. ಮೊದಲನೇ ಮಳಿಗೆ ಇದು ದೂಧಗಂಗಾದಾಗ ಇರತೈತಿ."

ಹಾಗೆ ಒಡ್ಡಿನ ಯಜಮಾನಿಕೆ ತುಳಸವ್ವನಿಗೆ ಹೋಯಿತು. ಅವಳು ಸುರಿದದ್ದನ್ನೆಲ್ಲ ತೆಗೆಸಿದಳು. ಗಟ್ಟಿ ನೆಲ ಸಿಗುವವರೆಗೆ ಪಾಯ ತೋಡಿಸಿ, ಕರಿ ಎರೆಮಣ್ಣು ತುಂಬಿ, ನೀರು ಹೊಡೆದು, ಹೆಣ್ಣಾಳುಗಳಿಂದ ತುಳಿಸಿದಳು. ಮೇಲೆ ಗರಸು ಮಣ್ಣು ಹಾಕಿಸಿದಳು, ನೀರಿನ ಕಡೆಗೆ ಕಲ್ಲು ಹೊಂದಿಸಿದಳು. ಒಂದು ಬದಿಗೆ ಹೆಚ್ಚಿನ ನೀರು ಹರಿದುಹೋಗಲು ಕೋಡಿ ಬಿಡಿಸಿದಳು. "ನೀರಿಗೆ ನಾವು ಹಾದಿ ಬಿಡಲಿಲ್ಲಂದ್ರ ಅದ ಮಾಡ್ಕೋತೈತ್ರಿ," ಎಂದಳು. ಅಣ್ಣಾಸಾಬರು ಛತ್ರಿ ಹಿಡಿದು ಅವಳ ಹಿಂದೆ ಓಡಾಡಿದರು. ಊರಲ್ಲಿ ಮಾತ್ರ "ನಾನ ನಿಂತು ಕಟ್ಟಿಸೀನಿ" ಎಂದರು. ನಿಂತಿದ್ದಂತೂ ನಿಜ.

ಜೂನಿನ ಕೊನೆಗೆ ಮಳೆ ಹಿಡಿಯಿತು. ಹಳ್ಳ ತುಂಬಿ ಬಂದು ಒಡ್ಡಿಗೆ ತಲೆಯಿಟ್ಟು ನಿಂತಿತು. ಹೊಸ ನೀರಿಗೆ ಏರಿ ಬಂದ ಮೀನುಗಳು ಕೋಡಿಯ ಕಲ್ಲುಗಳ ಮೇಲೆ ಹಾರಿ ಹಾರಿ ಒಳಗೆ ಬಿದ್ದವು. ಯಾರೂ ತಂದು ಬಿಟ್ಟಿರಲಿಲ್ಲ. ತಿಂಗಳೊಪ್ಪತ್ತಿನಲ್ಲಿ ನೀರಿನ ಅಂಚಿಗೆ ಆಪು ಹುಲ್ಲು ಚಿಗುರಿತು, ಬೆಳ್ಳಕ್ಕಿ ಬಂದವು, ಮಿಂಚುಳ್ಳಿ ಬಂತು. ಅಂದಿನಿಂದ ಅಣ್ಣಾಸಾಬರು ದಿನಾ ಮುಂಜಾನೆ ಆರಕ್ಕೆ ಪ್ಲಾಸ್ಟಿಕ್ ಕುರ್ಚಿ ಹೊತ್ತುಕೊಂಡು ಹೋಗಿ ಒಡ್ಡಿನ ಮೇಲೆ ಕೂರುತ್ತಿದ್ದರು. ಸತ್ತಂತಿದ್ದ ನೆಲದ ಮೇಲೆ ಇಷ್ಟು ಜೀವ ತಮ್ಮಿಂದಾಗಿ ಓಡಾಡುತ್ತಿದೆ ಎಂದು ಅವರ ಕಣ್ಣಲ್ಲಿ ನೀರು ಬರುತ್ತಿತ್ತು. ಇಡೀ ಆಯುಷ್ಯದಲ್ಲಿ ಅವರು ಪೂರ್ತಿ ಸುಖವಾಗಿದ್ದದ್ದು ಆ ಹತ್ತೊಂಬತ್ತು ದಿನ.

ಇಪ್ಪತ್ತನೆಯ ದಿನ ನೀರುಕಾಗೆಗಳು ಬಂದವು. ಮುಳುಗಿದವು, ಎದ್ದವು. ಎದ್ದಾಗ ಕೊಕ್ಕಿನಲ್ಲಿ ಮೀನಿತ್ತು.

ಅಣ್ಣಾಸಾಬರು ಕುರ್ಚಿಯಿಂದ ಎದ್ದು "ಹೋಯ್! ಹೋಯ್!" ಎಂದು ಚಪ್ಪಾಳೆ ತಟ್ಟಿದರು, ಟೊಪ್ಪಿಗೆ ತೆಗೆದು ಬೀಸಿದರು. ನೀರುಕಾಗೆಗಳು ಆಚೆ ದಡಕ್ಕೆ ಹೋಗಿ ಊಟ ಮುಂದುವರಿಸಿದವು. ಮರುದಿನ ಒಂದು ಬುಟ್ಟಿ ಚುರುಮುರಿ ತಂದು ಚೆಲ್ಲಿದರು. ಚುರುಮುರಿಯನ್ನು ಮೀನು ತಿಂದವು, ಮೀನನ್ನು ಹಕ್ಕಿ ತಿಂದವು.

"ಕರದಾವರೂ ನೀವ, ಅಟ್ಟಾವರೂ ನೀವ," ಎಂದಳು ತುಳಸವ್ವ. "ಅವು ಏನರ ಜ್ವಾಳದ ರೊಟ್ಟಿ ತಿಂತಾವೇನ್ರಿ?"

ಈ ಧರ್ಮಸಂಕಟದಲ್ಲೇ ಒದ್ದಾಡಿಕೊಂಡು ಇದ್ದಿದ್ದರೆ ಕಾಲ ಹೇಗೋ ಸಾಗುತ್ತಿತ್ತು. ಆದರೆ ಜಿನೇಂದ್ರನ ಹರಿವಾಣದ ಹಿಂದೆ ಅವನ ಹೆಸರಿನ ಬೋರ್ಡಿತ್ತು. ಒಡ್ಡಿಗೆ ಬೋರ್ಡಿರಲಿಲ್ಲ.

ನಿಪ್ಪಾಣಿಯಲ್ಲಿ ಸಮಾಧಾನ ಎಂಬ ಪೇಂಟರ್ ಇದ್ದ. ಅವನು ಮನೆಯಲ್ಲಿ ಮರಾಠಿ ಮಾತಾಡಿ, ಹೊರಗೆ ಎರಡು ಭಾಷೆಯಲ್ಲೂ ಬರೆಯುವವನು. ಅಣ್ಣಾಸಾಬರು ಎರಡು ದಿನ ಕೂತು ಶಬ್ದ ಹುಡುಕಿ, "ಮೀನು ಮತ್ತು ವನ್ಯಜೀವಿಗಳ ಆವಾಸಸ್ಥಾನ" ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಎಂಟು ಫೂಟಿನ ಬೋರ್ಡು ಟೆಂಪೋದಲ್ಲಿ ಬಂತು. ರಸ್ತೆಯಿಂದ ಹೊಲಕ್ಕೆ ತಿರುಗುವ ಜಾಗದಲ್ಲಿ ಅದನ್ನು ನಿಲ್ಲಿಸಿ ಅಣ್ಣಾಸಾಬರು ಮೊದಲು ತಮ್ಮ ಹೆಸರನ್ನು ಓದಿದರು. ತಪ್ಪಿಲ್ಲ. ಇನ್ನೊಮ್ಮೆ ಓದಿದರು. ಆಗಲೂ ತಪ್ಪಿಲ್ಲ. ಉಳಿದದ್ದನ್ನು ಓದದೆ ಸಮಾಧಾನಪಟ್ಟು ಮನೆಗೆ ಹೋಗಿ ಮಲಗಿದರು.

ಮರುದಿನ ಮಧ್ಯಾಹ್ನ ಇಬ್ಬರು ತರುಣರು ಮೋಟರ್‌ಸೈಕಲ್ ನಿಲ್ಲಿಸಿ ಒಡ್ಡಿನ ಮೇಲೆ ಬಂದರು. ಮಿರಜದ ಕಡೆಯವರು.

"ಕಾಕಾ, ಮಾಸಾ ಥಾಳಿ ಆಹೆ ಕಾ?" ಎಂದು ಒಬ್ಬ ಕೇಳಿದ.

ಮೀನಿನೂಟ ಕೇಳುತ್ತಿದ್ದಾನೆಂದು ಅಣ್ಣಾಸಾಬರಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅವರು ಬಾಯಿ ತೆರೆದುಕೊಂಡು ನಿಂತದ್ದನ್ನು ನೋಡಿ ಎರಡನೆಯವನು ಕನ್ನಡಕ್ಕೆ ಬಂದ. "ಮೀನ ಮುಗದಿದ್ರ ಇರಲಿ ಬಿಡ್ರಿ. ವನ್ಯಜೀವಿ ಅಂತ ಬರದೀರಿ, ಕಾಡಹಂದಿ ಏನರ ಸಿಗತೈತೇನ್ರಿ?"

ಅಣ್ಣಾಸಾಬರು ರಸ್ತೆಯವರೆಗೆ ಓಡಿದರು. ಬೋರ್ಡಿನಲ್ಲಿ ಕೆಂಪಕ್ಷರದಲ್ಲಿ ಹೀಗಿತ್ತು: "ಅಣ್ಣಾಸಾಬ ಮಗದುಮ್ ಇವರ ಮೀನು ಮತ್ತು ವನ್ಯಜೀವಿಗಳ ಆಹಾರಸ್ಥಾನ." ಖಾಲಿ ಜಾಗ ಉಳಿದಿತ್ತೆಂದು ಪೇಂಟರ್ ತನ್ನ ಕಡೆಯಿಂದ ಒಂದು ತಟ್ಟೆಯಂಥ ಗೋಲದಲ್ಲಿ ಮೀನಿನ ಚಿತ್ರ ಬಿಡಿಸಿ, ಕೆಳಗೆ "ಸುಸ್ವಾಗತ" ಎಂದೂ ಬರೆದಿದ್ದ.

ಫೋನ್ ಮಾಡಿದರೆ ಸಮಾಧಾನ ಒಪ್ಪಲಿಲ್ಲ. "ಕಾಕಾ, ಆವಾಸ ಅಂದ್ರ ಏನು? ಇಪ್ಪತ್ತು ವರ್ಷಾತು ಬೋರ್ಡ್ ಬರ್ಯಾಕತ್ತೀನಿ, ಹಾಯ್‌ವೇದಾಗ ಒಬ್ರೂ ಆವಾಸ ಅಂತ ಬರಸಿಲ್ಲ. ಎಲ್ಲಾರೂ ಆಹಾರನ ಬರಸ್ತಾರ. ನಿಮ್ಮ ಚೀಟಿ ತಪ್ಪೈತಿ ಅಂತ ನಾನ ತಿದ್ದೀನಿ. ಅದಕ್ಕ ಬ್ಯಾರೆ ಚಾರ್ಜ್ ಹಚ್ಚಿಲ್ಲ."

ಬೋರ್ಡು ಕಿತ್ತು ಮಲಗಿಸುವಷ್ಟರಲ್ಲಿ ಅದರ ಫೋಟೊ ಅಥಣಿ, ಕಾಗವಾಡ, ರಾಯಬಾಗ ಸುತ್ತಿ, ಸಂಬಂಧಿಕರ ಮೊಬೈಲುಗಳನ್ನೆಲ್ಲ ಮುಟ್ಟಿ, ನಿಪ್ಪಾಣಿಗೆ ಮರಳಿತ್ತು. ಸಂಜೆಯ ಮೊದಲೇ ಜಿನೇಂದ್ರ ಸಮಾಜದ ಇಬ್ಬರು ಹಿರಿಯರನ್ನು ಕಾರಿನಲ್ಲಿ ಹಾಕಿಕೊಂಡು ನೇರ ಒಡ್ಡಿಗೇ ಬಂದ.

"ದಾಜಿ!" ಅಕ್ಕನ ಗಂಡನನ್ನು ಅವನು ಮೊದಲಿನಿಂದ ಕರೆಯುತ್ತಿದ್ದುದು ಹಾಗೆಯೇ. "ನಮ್ಮ ಮನೆತನದಾಗ ಗಡ್ಡಿ ಅಂತ ಗಜ್ಜರಿ ಸೈತ ಒಳಗ ಬಿಡಾಂಗಿಲ್ಲ. ನೀವು ಮೀನದ ಖಾನಾವಳಿ ತಗದೀರಿ!"

"ಖಾನಾವಳಿ ಅಲ್ಲೋ, ಜಿನೇಂದ್ರ. ಮೀನ ಇಲ್ಲಿ ಇರೂದಕ್ಕ. ತಿನ್ನೂದಕ್ಕಲ್ಲ. ಇಲ್ಲಿ ಒಂದು ಮೀನಿಗೂ ಯಾರೂ ಕೈ ಹಚ್ಚಾಂಗಿಲ್ಲ."

ಆ ಮಾತು ಮುಗಿಯುವ ಹೊತ್ತಿಗೆ ಸರಿಯಾಗಿ, ಹಿರಿಯರಿಂದ ಹತ್ತು ಹೆಜ್ಜೆ ದೂರದಲ್ಲಿ, ನೀರುಕಾಗೆಯೊಂದು ಎದ್ದು ಅಂಗೈಯಗಲದ ಮೀನನ್ನು ಮೇಲೆ ಹಾರಿಸಿ, ತಲೆ ಕಡೆಯಿಂದ ಹಿಡಿದು, ಸಾವಕಾಶ ನುಂಗಿತು.

ಹಿರಿಯರಲ್ಲೊಬ್ಬರು ಕಣ್ಣು ಮುಚ್ಚಿಕೊಂಡರು. ಇನ್ನೊಬ್ಬರು ನಿಟ್ಟುಸಿರು ಬಿಟ್ಟು, "ಗಿರಾಕಿ ಊಟಕ್ಕ ಕುಂತಾರಲ್ರಿ ಅಣ್ಣಾಸಾಬ," ಎಂದರು.

ಅಂದಿನಿಂದ ಜಿನಮತಿ ಗಂಡನೊಡನೆ ಮಾತು ಬಿಟ್ಟರು. ಹೇಳಬೇಕಾದದ್ದನ್ನು ತುಳಸವ್ವನಿಗೆ ಹೇಳುತ್ತಿದ್ದರು, ಗಂಡ ಎರಡು ಮಾರು ದೂರದಲ್ಲೇ ಕೂತಿದ್ದರೂ.

"ತುಳಸವ್ವಾ, ರೊಟ್ಟಿ ಆರಾಕತ್ತಾವು ಅಂತ ಅವರಿಗೆ ಹೇಳ."

"ಸಾವ್ಕಾರ್ರ, ರೊಟ್ಟಿ ಆರಾಕತ್ತಾವಂತ್ರಿ."

"ಬರ್ತೀನಿ ಅಂತ ಹೇಳ," ಎನ್ನುತ್ತಿದ್ದರು ಅಣ್ಣಾಸಾಬರು.

ತುಳಸವ್ವ ಮನೆಗೆ ಹೋದ ಮೇಲೆ ಆ ಮನೆಯಲ್ಲಿ ಪಾತ್ರೆಗಳ ಸಪ್ಪಳ ಮಾತ್ರ ಉಳಿಯುತ್ತಿತ್ತು.

ಬೋರ್ಡು ಹೋದರೂ ಸುದ್ದಿ ಹೋಗಲಿಲ್ಲ. ಅಣ್ಣಾಸಾಬರ ಒಡ್ಡಿನಲ್ಲಿ ಮೀನಿವೆ ಎಂಬುದು ಈಗ ಸುತ್ತ ಹತ್ತೂರಿಗೆ ಗೊತ್ತಿತ್ತು. ಭಾದ್ರಪದದಲ್ಲಿ ಜೈನರ ಹತ್ತು ದಿನದ ದಶಲಕ್ಷಣ ಪರ್ವ ಬಂತು. ದಿನಕ್ಕೊಂದು ಧರ್ಮದಂತೆ ಬಸದಿಯಲ್ಲಿ ಪ್ರವಚನ. ಅಂದು 'ಉತ್ತಮ ಸತ್ಯ'ದ ದಿನ. ಪ್ರಾಣ ಹೋದರೂ ಸುಳ್ಳಾಡಬಾರದು ಎಂಬುದನ್ನು ಎರಡು ತಾಸು ಕೇಳಿ, ಹಣೆಗೆ ಗಂಧವಿಟ್ಟುಕೊಂಡು, ಅಣ್ಣಾಸಾಬರು ಒಡ್ಡಿನ ಕಡೆಗೆ ಹೊರಟರು. ಅಲ್ಲಿ ಪಕ್ಕದ ಕಬ್ಬಿನ ಹೊಲದ ರಾಜಾರಾಮ ಎಂಟು ಜನರೊಡನೆ ಬಲೆ ಬಿಡಿಸುತ್ತ ಕೂತಿದ್ದ. ರಾಜಾರಾಮ ಕೆಟ್ಟವನಲ್ಲ. ಅಣ್ಣಾಸಾಬರನ್ನು ಕಂಡು ಎದ್ದು ಕೈ ಮುಗಿದ.

"ಬರ್ರಿ ಕಾಕಾ. ನೀವಂತೂ ತಿನ್ನಾಂಗಿಲ್ಲ, ಸುಮ್ನ ಹಕ್ಕಿ ಪಾಲಾಗಾಕತ್ತಾವು. ಹಿಡ್ಯಾಕ ಆಳ ನಿಮಗ ಸಿಗಾಂಗಿಲ್ಲ ಅಂತ ನಾವ ಬಂದೀವಿ."

"ಬ್ಯಾಡೋ ರಾಜಾರಾಮ. ಜೀವ ಅದಾವ."

"ಜೀವ ಇದ್ದಾಗ ಹಿಡದ್ರನ ರುಚಿ, ಕಾಕಾ." ಅವನು ಬಲೆ ಹೆಗಲಿಗೆ ಹಾಕಿಕೊಂಡು ನೀರಿಗೆ ಕಾಲಿಟ್ಟ.

ಅಣ್ಣಾಸಾಬರು ಒಡ್ಡಿನ ಆ ತುದಿ ಈ ತುದಿ ನೋಡಿದರು. ಒಂಬತ್ತು ಜನ. ಇವರೊಬ್ಬರು, ಕೈಯಲ್ಲಿ ಛತ್ರಿ. ಆಗ ಅವರ ಬಾಯಿಂದ, ಅವರನ್ನೇ ಕೇಳದೆ, ಒಂದು ಮಾತು ಹೊರಬಿತ್ತು.

"ಮೊಸಳಿ ಐತಿ!"

ರಾಜಾರಾಮನ ಕಾಲು ನೀರಿನಿಂದ ತಾನಾಗಿ ಹೊರಗೆ ಬಂತು. "ಏನಂದ್ರಿ?"

"ಮೊಸಳಿ. ಆ ಜಾಲಿಗಿಡದ ಬುಡಕ. ಮುಂಜಾನಿ ಕಂಡೀನಿ."

"ಎಷ್ಟೈತ್ರಿ?"

ಅಣ್ಣಾಸಾಬರು ಸುಳ್ಳಿಗೆ ಹೊಸಬರು. ಮೂವತ್ತೊಂದು ವರ್ಷದ ನೌಕರಿ ಅವರಿಗೆ ಒಂದೇ ಅಳತೆ ಕಲಿಸಿತ್ತು. "ಎರಡು... ಎರಡೂವರಿ ಟನ್ನ," ಎಂದರು.

ಒಂಬತ್ತು ಜನ ಬಲೆ ಸುತ್ತಿಕೊಳ್ಳದೆ ಓಡಿದರು.

ಮಳೆಗಾಲದಲ್ಲಿ ಕೃಷ್ಣೆಯ ಕಡೆ ಮೊಸಳೆ ಕಾಣಿಸಿಕೊಳ್ಳುವುದು ಹೊಸದಲ್ಲವಾದ್ದರಿಂದ ಯಾರಿಗೂ ಸಂಶಯ ಬರಲಿಲ್ಲ. ಮಧ್ಯಾಹ್ನಕ್ಕೆ ರಾಜಾರಾಮನ ಹೆಂಡತಿ ಸೋನಾಬಾಯಿ ಅದನ್ನು ಕಂಡಳು. ಬಿಸಿಲಿಗೆ ಮೈಯೊಡ್ಡಿ ಮಲಗಿತ್ತು, ಬಾಯಿ ತೆರೆದಿತ್ತು. ಮರುದಿನ ಕಾಕಾಸಾಹೇಬ ಎಂಬಾತನ ಆಡು ಕಾಣೆಯಾಯಿತು. ಅದು ಮೂರನೆಯ ದಿನ ಅವನ ಮಾವನ ಮನೆಯಲ್ಲಿ ಸಿಕ್ಕಿತು, ಆದರೆ ಮೊಸಳೆ ತಿಂದ ಸುದ್ದಿ ಅಷ್ಟರಲ್ಲಿ ಮುಂದೆ ಹೋಗಿದ್ದರಿಂದ ಹಿಂದಕ್ಕೆ ಕರೆಯಲಾಗಲಿಲ್ಲ. ತೇಲುತ್ತಿದ್ದ ಬಾಳೆದಿಂಡಿನ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹೋಯಿತು. ರಾಜಾರಾಮನ ಹೊಲಕ್ಕೆ ಕಳೆ ತೆಗೆಯಲು ಹೆಣ್ಣಾಳುಗಳು ಬರಲೊಲ್ಲೆ ಎಂದರು. ರಾಯಬಾಗದಿಂದ ಒಂದು ಟೆಂಪೋ ತುಂಬ ಜನ ಮೊಸಳೆ ನೋಡಲು ಬಂದು, ಕಾಣದೆ, ಕಂಡೆವೆಂದು ಹೇಳುತ್ತ ಹೋದರು.

ಅಣ್ಣಾಸಾಬರು ಎರಡು ದಿನ ಖುಷಿಯಾಗಿದ್ದರು. ಬಲೆಯವರು ಬರಲಿಲ್ಲ. ಮೂರನೆಯ ದಿನ ಜೀಪು ಬಂತು.

ಜೀಪಿನಿಂದಿಳಿದ ಅರಣ್ಯಾಧಿಕಾರಿ ಶೈಲಾ ಎಂಬ ಹೆಣ್ಣುಮಗಳು. ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ, ಬಹಳ ಶ್ರದ್ಧೆಯವಳು. ಇಬ್ಬರು ಗಾರ್ಡುಗಳು ಕಬ್ಬಿಣದ ಬೋನು ಇಳಿಸಿ, ಒಡ್ಡಿನ ಅಂಚಿಗಿಟ್ಟು, ಒಳಗೆ ಕೊಕ್ಕೆಗೆ ಎರಡು ಕೊಯ್ದ ಕೋಳಿ ತೂಗುಹಾಕಿದರು.

ಪರ್ವದ ದಿನ, ತಮ್ಮ ಹೊಲದಲ್ಲಿ, ತಮ್ಮ ಮಾತಿನಿಂದ ಎರಡು ಕೋಳಿ. ಅಣ್ಣಾಸಾಬರು ಬೋನಿಗೆ ಅಡ್ಡಲಾಗಿ ಬಂದು ನಿಂತರು.

"ಮೇಡಮ್, ಇದನ್ನ ತಗೀಸ್ರಿ. ಮೊಸಳಿ ಇಲ್ಲ. ನಾನ ಸುಳ್ಳು ಹೇಳೀನಿ."

ಶೈಲಾ ಫೈಲು ತೆರೆದಳು. "ಸರ್, ನಲವತ್ಮೂರು ಜನ ಕಂಡೀವಿ ಅಂತ ಸಹಿ ಮಾಡಿ ಕೊಟ್ಟಾರ. ಇಲ್ಲ ಅನ್ನೋರು ನೀವೊಬ್ಬರೇ."

"ಮೊದಲ ಹೇಳಿದಾವನ ನಾನ್ರಿ!"

"ಹೌದ್ರಿ. ಮೊದಲನೇ ಸಾಕ್ಷಿ ನೀವೇ ಅದೀರಿ. ಈಗ ಯಾಕ ಹಿಂದ ಸರಿಯಾಕತ್ತೀರಿ? ಯಾರರ ಹೆದರಿಸ್ಯಾರೇನು?"

ಗುಂಪಿನಲ್ಲಿದ್ದ ಸೋನಾಬಾಯಿ ಮುಂದೆ ಬಂದಳು. "ಅವರು ಹಂಗ ಹೇಳತಾರ್ರಿ ಮೇಡಮ್. ದಯಾವಂತ ಮನಶ್ಯಾ. ಮೊಸಳೀಗೆ ತ್ರಾಸಾಗಬಾರದಂತ ಮುಚ್ಚಿಡಾಕತ್ತಾರ. ಚುರಮುರಿ ಹಾಕಿ ಸಾಕಿದ್ದು ನಾವ ನೋಡಿಲ್ಲೇನು?"

ಎಲ್ಲರೂ ಹೌದು ಹೌದು ಎಂದರು. ಒಬ್ಬ ಮುದುಕ ಅಣ್ಣಾಸಾಬರ ಕಾಲು ಮುಟ್ಟಿ ನಮಸ್ಕಾರ ಮಾಡಿದ.

ಸುಳ್ಳಾಡಿದೆ ಎಂದು ಅಣ್ಣಾಸಾಬರು ಊರೆಲ್ಲ ಹೇಳಿಕೊಂಡು ತಿರುಗುತ್ತಿರುವುದು ನಿಪ್ಪಾಣಿಗೆ ಮುಟ್ಟಿ ಜಿನೇಂದ್ರ ಮತ್ತೆ ಬಂದ. ಈ ಸಲ ಸಿಟ್ಟಿರಲಿಲ್ಲ, ಚಿಂತೆಯಿತ್ತು.

"ದಾಜಿ, ಖಾನಾವಳಿ ಮಾತು ಈಗ ಎಲ್ಲಾರೂ ಮರತಾರ. ಮೊಸಳೀಗೆ ಆಸರ ಕೊಟ್ಟಾರ ಅಂತ ನಿಮ್ಮ ಹೆಸರು ಚಲೋ ಆಗೇತಿ. ಉತ್ತಮ ಸತ್ಯದ ದಿನ ಬಸದಿಯಿಂದ ಎದ್ದು ಬಂದು ಸುಳ್ಳು ಹೇಳೀನಿ ಅಂದ್ರ ನಮ್ಮ ಮಂದಿ ಮಾರಿ ಎಲ್ಲಿ ಇಡೂದು? ಮೊಸಳಿ ಐತಿ ಅಂತನ ಇರಲಿ."

"ಇಲ್ಲಲೋ, ಜಿನೇಂದ್ರ."

"ಇರಲಿ ಅಂತೀನಿ!"

ಬೋನು ಹನ್ನೆರಡು ದಿನ ಇತ್ತು. ಒಮ್ಮೆ ರಾಜಾರಾಮನ ನಾಯಿ ಸಿಕ್ಕಿಬಿತ್ತು. ಕೋಳಿ ಎರಡು ದಿನಕ್ಕೊಮ್ಮೆ ಬದಲಾಗುತ್ತಿತ್ತು, ಅಣ್ಣಾಸಾಬರು ಅಷ್ಟು ದಿನವೂ ಪ್ರಾಯಶ್ಚಿತ್ತವೆಂದು ಒಪ್ಪೊತ್ತಿನಲ್ಲಿದ್ದರು. ಬೋನಿಗೆ ಬೀಳದ ಮೊಸಳೆ ಬಹಳ ಶಾಣ್ಯಾ ಮೊಸಳೆ, ಆದ್ದರಿಂದ ಬಹಳ ಅಪಾಯದ್ದು ಎಂದು ಊರು ತೀರ್ಮಾನಿಸಿತು. ಪಂಚಾಯ್ತಿ ಕಟ್ಟೆಯ ಮೇಲೆ ಸಭೆ ಕೂಡಿತು. ಒಡ್ಡು ಒಡೆದು ನೀರು ಬಿಟ್ಟರೆ ಮೊಸಳೆ ಎಲ್ಲಿ ಅಡಗೀತು?

"ಅದಕ್ಕ ಹೊಲದ ಮಾಲಕರ ಸಹಿ ಬೇಕು," ಎಂದಳು ಶೈಲಾ. "ನಾವು ಒಡೀರಿ ಅಂತ ಹೇಳಾಕ ಬರೂದಿಲ್ಲ."

ಎಲ್ಲರೂ ಅಣ್ಣಾಸಾಬರ ಕಡೆ ನೋಡಿದರು.

"ಒಡ್ಡು ಒಡದ್ರ ಮೀನ ಸಾಯ್ತಾವು," ಎಂದರು ಅವರು.

"ಒಡೀಲಿಲ್ಲಂದ್ರ ಮಂದಿ ಸಾಯ್ತಾರ ಕಾಕಾ," ಎಂದ ರಾಜಾರಾಮ. ಅವನ ದನಿಯಲ್ಲಿ ಕುಹಕವಿರಲಿಲ್ಲ. "ನನ್ನ ಹೆಂಡ್ತಿ ದಿನಾ ಆ ಹಾದೀಲೆ ಬರ್ತಾಳ. ನಿಮಗ ಮೀನ ಹೆಚ್ಚೋ, ನಮ್ಮ ಸೋನಾ ಹೆಚ್ಚೋ? ಅಷ್ಟ ಹೇಳ್ರಿ."

ಇಲ್ಲದ ಮೊಸಳೆಯ ಬಾಯಿಂದ ಸೋನಾಬಾಯಿಯನ್ನು ಉಳಿಸುವುದು ಹೇಗೆಂದು ಅಣ್ಣಾಸಾಬರಿಗೆ ಹೊಳೆಯಲಿಲ್ಲ. ಅವರಿಗೆ ಹೊಳೆದದ್ದು ಬೇರೊಂದು. ನೀರು ಇಳಿದರೆ ಮೊಸಳೆ ಇಲ್ಲವೆಂಬುದು ಎಲ್ಲರ ಕಣ್ಣಿಗೂ ಕಾಣುತ್ತದೆ. ತಮ್ಮ ಮಾತು ನಿಜವೆಂದು ಆಗುತ್ತದೆ. ತಳದಲ್ಲಿ ಮೀನಿಗಾಗುವಷ್ಟು ನೀರು ಉಳಿಸಿಕೊಂಡು ಒಡ್ಡು ಮತ್ತೆ ಮುಚ್ಚಿದರಾಯಿತು. ಈ ಯುಕ್ತಿ ಅವರಿಗೆ ಬಹಳ ಹಿಡಿಸಿತು. ಸಹಿ ಮಾಡಿದರು. ಅವರ ಜೀವನದಲ್ಲಿ ಅವರಿಗೆ ಹಿಡಿಸಿದ ಯುಕ್ತಿಗಳು ಎರಡೇ. ಮೊದಲನೆಯದು ಮೈಕಿನಲ್ಲಿ ಆಡಿದ್ದು.

"ಮ್ಯಾಲಿಂದ ಒಂದು ಗೇಣು ಅಷ್ಟ ಕೆರೀಬೇಕು. ಸಾವಕಾಶ ಇಳೀಲಿ," ಎಂದು ತುಳಸವ್ವ ಜೆಸಿಬಿಯವನಿಗೆ ಹತ್ತು ಸಲ ಹೇಳಿದಳು. ಅವನೂ ಒಂದು ಗೇಣೇ ಕೆರೆದ. ಆದರೆ ಹಿಂದಿನ ದಿನ ಹಸ್ತದ ಮಳೆ ಜಡಿದು ನೀರು ಕಂಠಮಟ್ಟ ನಿಂತಿತ್ತು. ಕೆರೆದ ಕಡೆ ಬೆರಳಿನಷ್ಟು ಹರಿಯಿತು, ಕೈಯಷ್ಟಾಯಿತು, ಗರಸು ಕೊಚ್ಚಿತು, ಎರೆಮಣ್ಣು ಹೆಂಟೆ ಹೆಂಟೆಯಾಗಿ ಕಳಚಿತು. "ಕಲ್ಲ ಹಾಕ್ರೋ! ಕಲ್ಲ!" ಎಂದು ತುಳಸವ್ವ ಕೂಗಿದಳು. ಯಾರೂ ಕಲ್ಲು ಹಾಕಲಿಲ್ಲ, ಎಲ್ಲರೂ ಮೊಬೈಲು ಹಿಡಿದಿದ್ದರು. ಇಪ್ಪತ್ತು ನಿಮಿಷದಲ್ಲಿ ಒಡ್ಡಿನ ನಡುಭಾಗವೇ ಹೋಯಿತು.

ನೀರು ಹೋದ ಮೇಲೆ ಕೆಸರು ಕಂಡಿತು. ಕೆಸರು ಅಲುಗಾಡುತ್ತಿತ್ತು. ಗೆಂಡೆ, ಕೊರವ, ಚೇಳು ಮೀನು, ಹೆಸರಿಲ್ಲದ ಸಣ್ಣವು, ಬೆಳ್ಳಿಯ ಚೂರಿನಂತೆ ಎಲ್ಲೆಲ್ಲೂ ಪಟಪಟನೆ ಹೊಡೆದುಕೊಳ್ಳುತ್ತಿದ್ದವು. ಅಣ್ಣಾಸಾಬರು ಅಷ್ಟು ಮೀನು ತಮ್ಮ ನೀರಿನಲ್ಲಿದ್ದವೆಂದು ಅಂದೇ ತಿಳಿದರು.

ಮೊಸಳೆಯ ಭಯಕ್ಕೆ ಹದಿನೈದು ದಿನದಿಂದ ಆ ಹಾದಿ ತುಳಿಯದಿದ್ದವರೆಲ್ಲ ಮೊಣಕಾಲುದ್ದ ಕೆಸರಿಗೆ ಇಳಿದರು. ಬುಟ್ಟಿ, ಬಕೆಟ್, ಗೊಬ್ಬರದ ಚೀಲ, ಸೀರೆಯ ಸೆರಗು, ಸಿಕ್ಕಿದ್ದಕ್ಕೆ ತುಂಬಿದರು. ಅಣ್ಣಾಸಾಬರೂ ಇಳಿದರು. ಒಂದನ್ನು ಹಿಡಿದು ಟೊಪ್ಪಿಗೆಯಲ್ಲಿ ಹಾಕಿಕೊಂಡರೆ ಹಾರಿ ಬೀಳುತ್ತಿತ್ತು. ಬಾಗಿ ಅದನ್ನು ಹುಡುಕುವಷ್ಟರಲ್ಲಿ ಬೇರೆ ಯಾರದೋ ಕೈ ಅದನ್ನು ಎತ್ತುತ್ತಿತ್ತು. "ಬಿಡ್ರೋ, ನದಿಗರ ಬಿಡೂನ್ರೋ," ಎನ್ನುತ್ತ ಅವರು ಒಬ್ಬರಿಂದ ಒಬ್ಬರಿಗೆ ಹೋದರು. ಯಾರೂ ಅವರನ್ನು ಬೈಯಲಿಲ್ಲ, ದೂಡಲಿಲ್ಲ. "ಸರೀರಿ ಕಾಕಾ, ಜಾರತೈತಿ," ಎಂದು ಕೈ ಹಿಡಿದು ಪಕ್ಕಕ್ಕೆ ನಿಲ್ಲಿಸಿ ತಮ್ಮ ಕೆಲಸ ಮುಂದುವರಿಸಿದರು.

ಕೆಸರೊಳಗಿಂದಲೇ ಅವರು ಶೈಲಾಳಿಗೆ ಕೂಗಿದರು. "ಮೇಡಮ್, ನೋಡಿದ್ರಲ್ಲಾ? ಮೊಸಳಿ ಇಲ್ಲ! ಇಲ್ಲ ಅಂತ ಬರೀರಿ!"

ಶೈಲಾ ಜೀಪಿನ ಬಾನೆಟ್ಟಿನ ಮೇಲೆ ಪಂಚನಾಮೆ ಬರೆಯುತ್ತಿದ್ದಳು. ಅವಳ ಮುಖವೂ ಕಳೆಗುಂದಿತ್ತು. "ನಲವತ್ಮೂರು ಸಹಿ ಅದಾವ ಸರ್. ಇಲ್ಲ ಅಂದ್ರ ಅವರೆಲ್ಲಾ ಸುಳ್ಳು ಹೇಳ್ಯಾರ ಅಂತ ನಾ ಬರೀಬೇಕಾಗತೈತಿ." ಆಮೇಲೆ ಬರೆದಳು: "ನೀರಿನ ರಭಸದಲ್ಲಿ ಮೊಸಳೆಯು ಹಳ್ಳದ ಮೂಲಕ ನದಿಗೆ ಸೇರಿರುವ ಸಾಧ್ಯತೆ ಇದೆ. ಮುನ್ನೆಚ್ಚರಿಕೆಯಾಗಿ ಇದೇ ಸ್ಥಳದಲ್ಲಿ ಮತ್ತೆ ನೀರು ನಿಲ್ಲಿಸದಿರುವುದು ಸೂಕ್ತ." ಮಾಲಕರ ಸಹಿ ಎಂದಿದ್ದ ಕಡೆ, ಓದಲೆಂದು ಬಂದು ಕಾಗದ ಹಿಡಿದ ಅಣ್ಣಾಸಾಬರ ಕೆಸರು ಹೆಬ್ಬೆಟ್ಟಿನ ಗುರುತು ತಾನಾಗಿ ಬಿತ್ತು.

ಮಧ್ಯಾಹ್ನ ಅವರು ಮನೆಯ ಪಡಸಾಲೆಯಲ್ಲಿ, ಮೈಮೇಲಿನ ಕೆಸರು ಒಣಗಿ ಬಿರಿಯುತ್ತಿದ್ದರೂ ತೊಳೆದುಕೊಳ್ಳದೆ ಕೂತಿದ್ದರು. ರಾಜಾರಾಮ ಬಂದ. ತಲೆಯ ಮೇಲೆ ಎಲೆ ಮುಚ್ಚಿದ ಬುಟ್ಟಿ. ಮೆಟ್ಟಿಲ ಮೇಲೆ ಇಳಿಸಿ ಬೆವರು ಒರೆಸಿಕೊಂಡ.

"ಕಾಕಾ, ನಿಮ್ಮ ಪಾಲು."

ಅಣ್ಣಾಸಾಬರು ಕಾಲು ಹಿಂದಕ್ಕೆಳೆದುಕೊಂಡರು.

"ನೀವು ತಿನ್ನಾಂಗಿಲ್ಲ, ಗೊತ್ತೈತಿ. ಆದ್ರ ನೀರು ನಿಮ್ಮದು, ಒಡ್ಡು ನಿಮ್ಮದು. ನಿಮ್ಮ ಪಾಲು ತಗದಿಡದ ನಾವು ಹೆಂಗ ತಿನ್ನೂದ್ರಿ? ಅಷ್ಟು ಬೇಇಮಾನ ಅಲ್ಲ ನಾವು. ಯಾರಿಗರ ಕೊಡ್ರಿ, ಚೆಲ್ರಿ, ನಿಮ್ಮ ಮರ್ಜಿ." ಕೈ ಮುಗಿದು ಹೋದ.

ಜೈನರ ಮನೆಯ ಮೆಟ್ಟಿಲ ಮೇಲೆ ಮೀನಿನ ಬುಟ್ಟಿ ಕೂತಿತು. ಓಣಿಯ ಬಾಗಿಲುಗಳೆಲ್ಲ ಒಂದೊಂದು ಗೇಣು ತೆರೆದುಕೊಂಡವು. ಒಳಗಿನಿಂದ ಜಿನಮತಿ ಬಂದು ಹೊಸ್ತಿಲಲ್ಲಿ ನಿಂತರು. ಅವರು ಹುಟ್ಟಿದಂದಿನಿಂದ ಇಷ್ಟು ಹತ್ತಿರದಿಂದ ಮೀನಿನ ವಾಸನೆ ಕಂಡವರಲ್ಲ. ಸೆರಗನ್ನು ಮೂಗಿಗೆ ಒತ್ತಿಕೊಂಡರು. ಅಷ್ಟರಲ್ಲಿ ಬುಟ್ಟಿಯ ಮೇಲಿನ ಎಲೆ ಅಲುಗಾಡಿತು.

ಅವರು ಬಾಗಿ ಎಲೆ ಸರಿಸಿದರು. ಸತ್ತವುಗಳ ನಡುವೆ ಕೆಲವು ಕೊರವ ಮೀನು ಬಾಯಿ ತೆರೆದು ಮುಚ್ಚುತ್ತಿದ್ದವು. ನೀರಿಲ್ಲದೆಯೂ ಗಂಟೆಗಟ್ಟಲೆ ಜೀವ ಹಿಡಿದಿರುವ ಜಾತಿ ಅದು.

ಜಿನಮತಿ ಒಳಗೆ ಹೋದರು. ಮರಳಿದಾಗ ಕೈಯಲ್ಲಿ ಕುಡಿಯುವ ನೀರಿನ ತಾಮ್ರದ ಕೊಡವಿತ್ತು, ಸೋಸಿದ ನೀರು ತುಂಬಿತ್ತು. ತುಳಸವ್ವ ಅಲ್ಲೇ ಕಟ್ಟೆಯ ಮೇಲಿದ್ದರೂ ಅವಳ ಕಡೆ ನೋಡಲಿಲ್ಲ.

"ಏಳ್ರಿ," ಎಂದರು ಗಂಡನಿಗೆ. "ಜೀವ ಅದಾವ. ನೀವು ಹಿಡೀರಿ, ನನಗ ಹಿಡ್ಯಾಕ ಬರೂದಿಲ್ಲ."

ಅಣ್ಣಾಸಾಬರಿಗೂ ಬರುತ್ತಿರಲಿಲ್ಲ. ಆದರೂ ಒಂದೊಂದಾಗಿ ಕೊಡಕ್ಕೆ ಬಿಟ್ಟರು. ಏಳು ಇದ್ದವು. ಉಳಿದ ಬುಟ್ಟಿಯನ್ನು ತುಳಸವ್ವ ಎತ್ತಿಕೊಂಡು ಹೋದಳು. ಏನು ಮಾಡಿದಳೆಂದು ಗಂಡ ಹೆಂಡತಿ ಇಬ್ಬರೂ ಕೇಳಲಿಲ್ಲ.

ದೂಧಗಂಗೆ ಅಲ್ಲಿಂದ ಒಂದು ಹರದಾರಿ. ಕೊಡದ ಈ ಕಡೆ ಗಂಡ, ಆ ಕಡೆ ಹೆಂಡತಿ ಹಿಡಿದುಕೊಂಡು, ಬಿಸಿಲಲ್ಲಿ ನಡೆದರು. ಕೊಡದ ಬಾಯಿಗೆ ಬಿಳಿ ಬಟ್ಟೆ ಕಟ್ಟಿದ್ದರಿಂದ ಒಳಗೇನಿದೆಯೆಂದು ಯಾರಿಗೂ ಕಾಣುತ್ತಿರಲಿಲ್ಲ. ಒಳಗಿನಿಂದ ಆಗಾಗ ತಾಮ್ರಕ್ಕೆ ಡಬ್ ಡಬ್ ಎಂದು ಬಡಿಯುವ ಸಪ್ಪಳ ಮಾತ್ರ ಕೇಳುತ್ತಿತ್ತು. ಹಾದಿಯಲ್ಲಿ ಸಿಕ್ಕವರು ನಿಂತು ನೋಡಿದರು, ದಾರಿ ಬಿಟ್ಟರು. ಒಬ್ಬಿಬ್ಬರು ಕೊಂಚ ಹಿಂದೆಯೇ ಸರಿದರು.

ದಂಡೆಯಲ್ಲಿ ಕೊಡ ಬಗ್ಗಿಸಿದರು. ಆರು ಮೀನು ಹೋದವು. ಏಳನೆಯದು ಮಗ್ಗುಲಾಗಿ ತೇಲಿತು. ಜಿನಮತಿ ಕಲ್ಲಿನ ಮೇಲೆ ಕೂತು, ಬೆರಳ ತುದಿಯಿಂದ ಅದನ್ನು ನೆಟ್ಟಗೆ ಮಾಡಿದರು. ಅದು ಮತ್ತೆ ಮಗ್ಗುಲಾಯಿತು. ಮತ್ತೆ ನೆಟ್ಟಗೆ ಮಾಡಿದರು. ಬಹಳ ಹೊತ್ತಿನ ಮೇಲೆ ನದಿ ಅದನ್ನು ಹಾಗೆಯೇ ತೆಗೆದುಕೊಂಡು ಹೋಯಿತು. ಇಬ್ಬರೂ ಕೈ ತೊಳೆದುಕೊಂಡು ಮನೆಗೆ ಬಂದರು.

ಅವರಿಗಿಂತ ಮೊದಲು ಸುದ್ದಿ ಬಂದಿತ್ತು. ಓಣಿಯ ತುದಿಯಲ್ಲಿ ಇಪ್ಪತ್ತು ಮೂವತ್ತು ಜನ ನಿಂತಿದ್ದರು. ರಾಜಾರಾಮ ಮುಂದೆ ಬಂದು, ಯಾರಿಗೂ ಕೇಳದಂತೆ ದನಿ ತಗ್ಗಿಸಿ, ಎಲ್ಲರಿಗೂ ಕೇಳುವಂತೆ ಮಾತಾಡಿದ.

"ಕಾಕಾ, ಎಲ್ಲಾ ಗೊತ್ತಾಗೇತಿ. ಮೊಸಳಿ ಹೋಗುವಾಗ ಮರಿ ಬಿಟ್ಟು ಹೋಗಿತ್ತಂತ. ನೀವು ಕೊಡದಾಗ ಹಾಕ್ಕೊಂಡು ನದಿಗೆ ಮುಟ್ಟಿಸಿ ಬಂದ್ರಂತ. ಸಿಟ್ಟಿಲ್ಲ ಬಿಡ್ರಿ, ನಿಮ್ಮ ಧರ್ಮ ನಿಮಗ. ಇಷ್ಟ ಖರೇ ಹೇಳ್ರಿ, ಎಷ್ಟ ಇದ್ದುವು?"

ಅಣ್ಣಾಸಾಬರು ಅವನ ಮುಖ ನೋಡಿದರು. ಹೆಂಡತಿಯ ಕಡೆ ನೋಡಿದರು. ಖಾಲಿ ಕೊಡವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು.

"ಏಳು," ಎಂದರು.

ಜನ ತಲೆಯಾಡಿಸಿದರು. ಆ ಮಳೆಗಾಲದಲ್ಲಿ ಅವರು ಆಡಿದ ನಿಜಗಳಲ್ಲಿ ಊರು ನಂಬಿದ್ದು ಅದೊಂದನ್ನೇ.